ಮೊದಲ ಅಳು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನಮ್ಮೂರಿನಲ್ಲೂ ಇದೆ. ಆದರೂ ಒಡವೆ ಕಳ್ಳರನ್ನು ಹಿಡಿಯುವ ಕೆಲಸವನ್ನು ಊರಿನವರು ಅಕ್ಕಸಾಲಿಗನಾದ ನನಗೇ ವಹಿಸಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಕರಗಿದ ಚಿನ್ನದ ಮೂಸೆ ಉರುಳಿ ನನ್ನ ಎಡಗೈ ಸುಟ್ಟುಹೋಯಿತು. ಒಂದೇ ಕೈಯಲ್ಲಿ ಮೂಗುತಿಗೆ ಹರಳು ಕೂರಿಸುವುದಕ್ಕಾಗುತ್ತದೆಯೇ? ಹಳೆಯ ಚಿನ್ನ ಕರಗಿಸುವ ಕೆಲಸವೊಂದು ಉಳಿಯಿತು. ಅದರ ಜೊತೆಗೆ ಈ ಪತ್ತೇದಾರಿಕೆ. ಯಾವ ಒಡವೆಯನ್ನಾದರೂ ಬಲಗೈಯ ಹಿಂಗೈಗೆ ತಾಗಿಸಿಕೊಂಡರೆ ಅದು ಯಾರ ಮೈಬಿಸಿ ಎಂದು ನಾನು ಹೇಳಬಲ್ಲೆ. ಮಕ್ಕಳ ಜ್ವರ ನೋಡುವ ತಾಯಂದಿರು ಮಾಡುವುದೂ ಇದೇ ಕೆಲಸ, ಅವರಿಗೆ ಮಾತ್ರ ಯಾರೂ ಪತ್ತೇದಾರ ಅನ್ನುವುದಿಲ್ಲ. ನನ್ನ ಹೆಸರು ಮೌನೇಶಾಚಾರಿ. "ಹೆಸರಿಗೆ ಮೌನೇಶ, ಬಾಯಿ ಬಿಟ್ಟರೆ ಸಂತೆ" ಎಂದು ನನ್ನ ಹೆಂಡತಿ ಪಾರ್ವತವ್ವ ಹಂಗಿಸುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು.

ನಮ್ಮಲ್ಲಿ ಒಂದು ವರ್ಷ ಮೈಮೇಲಿದ್ದ ಚಿನ್ನ ಆ ಮೈಯ ಬಿಸಿ ಹಿಡಿಯುತ್ತದೆ. ಆಮೇಲೆ ಬಿಚ್ಚಿ ಎಲ್ಲಿಟ್ಟರೂ, ಮನುಷ್ಯ ಯಾವ ಕಡಲಾಚೆ ಇದ್ದರೂ, ಅವನ ಉಸಿರಿರುವ ತನಕ ಬಿಸಿ ಆರುವುದಿಲ್ಲ. ಉಸಿರು ಹೋದ ದಿನ ಆರುತ್ತದೆ. ಆದ್ದರಿಂದ ದೂರ ಹೋಗುವವರು ಒಂದು ಒಡವೆಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಮನೆಯವರು ಬೆಳಿಗ್ಗೆ ಮುಖ ತೊಳೆದು ಅದನ್ನು ಮುಟ್ಟಿ ನೋಡಿ, ಆಮೇಲೆ ಕಾಫಿ ಕುಡಿಯುತ್ತಾರೆ. ತಣ್ಣಗಾದ ಚಿನ್ನ ಬೇರೆಯವರ ಮೈಬಿಸಿಯನ್ನು ತೆಗೆದುಕೊಳ್ಳುವುದಿಲ್ಲ. ಹನ್ನೊಂದನೆಯ ದಿನ ಅದು ಕರಗುವುದಕ್ಕೆ ನನ್ನ ಕುಲುಮೆಗೆ ಬರುತ್ತದೆ. ಅಳುವುದಕ್ಕೂ ನಮ್ಮಲ್ಲಿ ಒಂದು ಕ್ರಮ ಇದೆ. ಒಡವೆ ತಣ್ಣಗಾದರೆ ಸಾಲದು, ಯಾರಾದರೂ ಎದುರು ನಿಂತು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಮೊದಲ ಅಳು ಹೆತ್ತವಳದು. ಹೆತ್ತವಳೇ ಹೋದರೆ ಮಕ್ಕಳದು. ಅದು ಆಗುವ ತನಕ ಉಳಿದವರು ಯಾರೂ ಕಣ್ಣೀರು ಹಾಕುವ ಹಾಗಿಲ್ಲ.

ನನ್ನ ಮನೆಯ ಗೂಡಿನಲ್ಲೂ ಒಂದು ಬಳೆ ಇದೆ, ನನ್ನ ಮಗಳು ಕಮಲಾಕ್ಷಿಯದು. ಹನ್ನೊಂದು ವರ್ಷದ ಹಿಂದೆ ಒಬ್ಬ ದರ್ಜಿಯನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿದಳು. ಈ ಮನೆಯ ಹೊಸಿಲು ತುಳಿಯಬೇಡ ಎಂದೆ. ಬಳೆ ಬಿಚ್ಚಿ ಹೊಸಿಲ ಮೇಲಿಟ್ಟು, ಅವಳಮ್ಮ ತನ್ನ ಕಿವಿಯಿಂದ ಬಿಚ್ಚಿ ಕೊಟ್ಟ ಒಂದು ಜೊತೆ ಓಲೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು. ದಿನಾ ಬೆಳಿಗ್ಗೆ ಬಳೆ ಮುಟ್ಟುತ್ತೇನೆ. ಬಿಸಿ ಇರುತ್ತದೆ. ಬದುಕಿದ್ದಾಳೆ, ಇನ್ನೇನು ಬೇಕು ಎಂದು ಕೆಲಸಕ್ಕೆ ಕೂರುತ್ತೇನೆ.

ಮೇಲುಕೇರಿಯ ದೊಡ್ಡ ಬಂಗಲೆಯಿಂದ ನನಗೆ ಕರೆ ಬಂದದ್ದು ಹುಣ್ಣಿಮೆ ಕಳೆದ ಮೂರನೆಯ ದಿನ. ಮೇಲುಕೇರಿ ಅಂದರೆ ಗೊತ್ತಲ್ಲ, ಅರಮನೆಯೇ ಇಲ್ಲದ ಊರಿನಲ್ಲಿ ಅರಸು ಮನೆತನದವರು ಇರುವ ಬೀದಿ. ಸಾಯಂಕಾಲ ಕ್ಲಬ್ಬು, ಇಸ್ಪೀಟು, ಬೆಳ್ಳಿ ತಟ್ಟೆಯಲ್ಲಿ ಕಟ್ಲೆಟ್ಟು. ಅಲ್ಲಿಯ ಹೆಂಗಸರು ಎದುರಾದರೆ ಕೈ ಮುಗಿಯುವುದಿಲ್ಲ. ಒಬ್ಬರ ಕೊರಳಲ್ಲಿರುವ, ದೂರ ಹೋದವರ ಒಡವೆಯನ್ನು ಇನ್ನೊಬ್ಬರು ಬೆರಳ ಬೆನ್ನಿನಿಂದ ಮುಟ್ಟಿ "ಕ್ಷೇಮ" ಅನ್ನುತ್ತಾರೆ. ಮುಟ್ಟಿಸಿಕೊಳ್ಳುವುದೇ ಅವರಿಗೆ ದೊಡ್ಡಸ್ತಿಕೆ.

ಬಂಗಲೆಯ ಯಜಮಾನಿಯನ್ನು ಊರೆಲ್ಲ ದೊಡ್ಡಮ್ಮಣ್ಣಿ ಅನ್ನುತ್ತದೆ. ಎಪ್ಪತ್ತರ ಹತ್ತಿರ ವಯಸ್ಸು, ಪೊರೆ ಬಂದ ಕಣ್ಣು, ನೆಟ್ಟಗಿನ ಬೆನ್ನು. ಒಬ್ಬನೇ ಮಗ ಸೋಮರಾಜ. ನಾಲ್ಕು ವರ್ಷದ ಹಿಂದೆ ಹಿಮದ ಬೆಟ್ಟಗಳನ್ನು ಅಳೆಯುವವರ ಜೊತೆ ಹೋದವನು, ಎರಡು ವರ್ಷದಿಂದ ಕಾಗದ ಇಲ್ಲ. ಹೋಗುವಾಗ ತನ್ನ ಕೊರಳಿನ ಕೆಂಪು ಹರಳಿನ ಪದಕದ ಸರವನ್ನು ಬಿಟ್ಟು ಹೋಗಿದ್ದ. ಆ ಸರ ಮಾಡಿದವನು ನಮ್ಮಪ್ಪ. ದೇವರ ಮನೆಯ ಬೆಳ್ಳಿ ಕರಡಿಗೆಯಲ್ಲಿ ಅದು ಇರುತ್ತಿತ್ತು, ನಾಲ್ಕು ಜನ ಸೇರುವ ದಿನ ಮಾತ್ರ ಸೊಸೆಯ ಕೊರಳಿಗೆ ಬರುತ್ತಿತ್ತು. ಬೆಳಿಗ್ಗೆ ಅತ್ತೆ ಮುಟ್ಟುವುದು, ಆಮೇಲೆ ಸೊಸೆ ತ್ರಿಪುರಾಂಬ ಮುಟ್ಟುವುದು. ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಕರಡಿಗೆ ತೆಗೆದರೆ ಬರಿದಾಗಿತ್ತು.

"ಆಚಾರಿ, ಆ ಕೆಂಪಿಗೆ ಏನು ಬೆಲೆ ಅಂತ ನಿನಗೆ ಗೊತ್ತು. ಅದು ಹಾಳಾಗಿ ಹೋಗಲಿ" ಎಂದರು ದೊಡ್ಡಮ್ಮಣ್ಣಿ. "ಕದ್ದವನು ಸರ ಇಟ್ಟುಕೊಳ್ಳಲಿ. ಬಿಸಿ ಇದೆಯಾ ಇಲ್ಲವಾ ಅಂತ ಒಂದು ಮಾತು ತಂದು ಹೇಳು. ಮೂರು ದಿನದಿಂದ ನನ್ನ ಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲದೆ ಕೂತಿದೀನಿ."

ಪಕ್ಕದಲ್ಲಿ ತ್ರಿಪುರಾಂಬ ನಿಂತಿದ್ದರು. ಮೂವತ್ತು ದಾಟಿರದ ಹೆಣ್ಣುಮಗಳು. ಕುಂಕುಮ ಇಟ್ಟಿದ್ದರು, ಆದರೆ ಎರಡು ಸಲ ಒರೆಸಿ ಮತ್ತೆ ಇಟ್ಟ ಹಾಗೆ ಹಣೆಯೆಲ್ಲ ಕೆಂಪಾಗಿತ್ತು.

ಹುಡುಕುವುದಕ್ಕೆ ಶುರು ಮಾಡಿದೆ. ನಮ್ಮೂರಿನಲ್ಲಿ ಕದ್ದ ಚಿನ್ನ ಹುಡುಕುವುದು ಕಷ್ಟದ ಕೆಲಸವೇನಲ್ಲ. ತಣ್ಣಗಿರುವ ಜಾಗದಲ್ಲಿ ಕೈಯಾಡಿಸಿದರಾಯಿತು, ಬಿಸಿ ತಾನೇ ಹೇಳುತ್ತದೆ. ಅಕ್ಕಿ ಮೂಟೆ, ನೀರಿನ ತೊಟ್ಟಿ, ಉಪ್ಪಿನಕಾಯಿ ಜಾಡಿಗಳ ಸಂದು, ಬಾವಿಕಟ್ಟೆಯ ಕಲ್ಲಿನ ಬಿರುಕು, ಎಲ್ಲ ಕಡೆ ಹಿಂಗೈ ಇಟ್ಟು ನೋಡಿದೆ. ಆಳುಕಾಳುಗಳ ಟ್ರಂಕು, ಡ್ರೈವರನ ಹಾಸಿಗೆ ಸುರುಳಿ, ಯಾವುದನ್ನೂ ಬಿಡಲಿಲ್ಲ. ಏಳು ದಿನ ಕಳೆಯಿತು. ಕ್ಲಬ್ಬಿನಲ್ಲಿ ಆಗಲೇ ಮಾತು ಹರಿದಾಡುತ್ತಿತ್ತು. ಡಾಕ್ಟರ ಹೆಂಡತಿಯಂತೂ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ಬೇರೆಯವರನ್ನ ಯಾಕೆ ಹುಡುಕ್ತೀರಿ ಆಚಾರ್ರೆ, ಸೊಸೆ ಪೆಟ್ಟಿಗೆ ನೋಡಿದ್ರಾ? ತಣ್ಣಗಾದ ಸರ ಬಚ್ಚಿಟ್ಟುಕೊಂಡರೆ ಕುಂಕುಮ ಉಳೀತಲ್ಲ" ಎಂದಳು. ಥೂ, ಎಂಥ ನಾಲಿಗೆ ಅನ್ನಿಸಿತು. ಆದರೆ ನಿಜ ಹೇಳುತ್ತೇನೆ, ಆ ಮಧ್ಯಾಹ್ನ ಸೊಸೆಯ ಪೆಟ್ಟಿಗೆಯನ್ನೂ ನೋಡಿದೆ. ಅವರೇ ಬೀಗದ ಕೈ ತಂದು ಕೊಟ್ಟರು. ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳು, ಬೆಟ್ಟಗಳ ನಕಾಶೆ, ಗಂಡನ ಒಂದು ಕಾಲುಚೀಲ ಇದ್ದವು.

ಆ ಮನೆಯಲ್ಲಿ ನನಗೆ ದಿನಾ ಊಟ ಬಡಿಸುತ್ತಿದ್ದವಳು ಸೊಲ್ಲಮ್ಮ. ಸೋಮರಾಜನಿಗೆ ಎದೆಹಾಲು ಕುಡಿಸಿದವಳು. ಅವನು ಹುಟ್ಟಿದಾಗ ದೊಡ್ಡಮ್ಮಣ್ಣಿಗೆ ಕಾಯಿಲೆಯಾಗಿ ಹಾಲು ಬತ್ತಿತ್ತು. ತನ್ನ ಕೂಸನ್ನು ಕಳೆದುಕೊಂಡಿದ್ದ ಸೊಲ್ಲಮ್ಮನನ್ನು ಹೊಲಗೇರಿಯಿಂದ ಕರೆತಂದರು. ಬಂದವಳು ಹಿಂದಕ್ಕೆ ಹೋಗಲೇ ಇಲ್ಲ. ಬಚ್ಚಲೊಲೆ ಹೊತ್ತಿಸುವುದು, ದೇವರ ಮನೆ ಸಾರಿಸುವುದು, ಎಲ್ಲ ಅವಳದೇ. "ಏನಾರಾ ಸಿಕ್ತಾ ಬುದ್ಧಿ?" ಎಂದು ದಿನಾ ಕೇಳುತ್ತಿದ್ದಳು. ಇಲ್ಲ ಎಂದರೆ, "ಸಿಕ್ತದೆ ಬುಡಿ, ಇನ್ನೊಂದು ತುತ್ತು ಉಣ್ಣಿ" ಎಂದು ಸಾರು ಬಡಿಸುತ್ತಿದ್ದಳು. ಕೈಯೆಲ್ಲ ಬೊಬ್ಬೆ ಎದ್ದಿತ್ತು. ಯಾಕವ್ವ ಎಂದು ಕೇಳಿದ್ದಕ್ಕೆ, ವಯಸ್ಸಾಯ್ತಲ್ಲ, ಬಿಸಿ ಗೊತ್ತಾಗಕಿಲ್ಲ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ರುಚಿಯಾಗಿತ್ತು.

ಸರ ಕಳುವಾದ ಹತ್ತನೆಯ ದಿನ ದೊಡ್ಡಮ್ಮಣ್ಣಿಯ ಹುಟ್ಟಿದ ಹಬ್ಬ. ಮೇಲುಕೇರಿಯ ಅಷ್ಟೂ ಜನ ಮಧ್ಯಾಹ್ನದ ಚಹಾಕ್ಕೆ ಬಂದಿದ್ದರು. ಒಬ್ಬೊಬ್ಬರಾಗಿ ತ್ರಿಪುರಾಂಬರ ಹತ್ತಿರ ಹೋಗುವುದು, ಬೆರಳು ಚಾಚುವುದು, ಬರಿಗೊರಳು ನೋಡಿ "ಅಯ್ಯೋ" ಎಂದು ಹಿಂದಕ್ಕೆ ಸರಿಯುವುದು. ಅವರು ನಗುತ್ತಲೇ ನಿಂತಿದ್ದರು. ಕೊನೆಗೆ ದೊಡ್ಡಮ್ಮಣ್ಣಿ ಕೋಲು ಕುಟ್ಟಿ, "ಸರ ಕಳುವಾಗಿದೆ. ಇವತ್ತು ದೀಪ ಹಚ್ಚುವುದರೊಳಗೆ ಆಚಾರಿ ಪತ್ತೆ ಮಾಡದೇ ಹೋದರೆ ಆಳುಗಳಷ್ಟೂ ಜನ ಮನೆ ಖಾಲಿ ಮಾಡಬೇಕು" ಎಂದರು. ನನ್ನ ಮಾನವೂ ಹೋಯಿತು, ಹನ್ನೆರಡು ಜನರ ಅನ್ನವೂ ಹೋಗುವ ಹಾಗಾಯಿತು.

ಒಂದು ಕಟ್ಲೆಟ್ಟು ಕೈಗೆ ಕೊಟ್ಟಿದ್ದರು. ಅದನ್ನು ಕಿಟಕಿಯಲ್ಲಿಟ್ಟೆ. ಜಿಡ್ಡು ತೊಳೆಯೋಣ ಎಂದು ಹಿಂದಿನ ಬಚ್ಚಲಿಗೆ ಹೋಗಿ ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಸುರಿದುಕೊಂಡೆ. ಅಬ್ಬಾ! ಚರ್ಮ ಸುಲಿಯುವಷ್ಟು ಬಿಸಿ. ಆಗ ಗಂಟೆ ಮೂರೂವರೆ. ಮಧ್ಯಾಹ್ನ ಮೂರೂವರೆಗೆ ಯಾರ ಮನೆಯ ಹಂಡೆ ಕುದಿಯುತ್ತದೆ? ಸ್ನಾನ ಮಾಡುವವರು ಯಾರು? ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಿಂತೆ. ಇಷ್ಟು ದಿನ ತಣ್ಣಗಿನ ಜಾಗಗಳನ್ನೇ ತಡಕಾಡಿದ ನನ್ನ ಬುದ್ಧಿಗೆ ಮಣ್ಣು ಹಾಕಬೇಕು ಅನ್ನಿಸಿತು. ಬಿಸಿಯ ಚಿನ್ನವನ್ನು ಜಾಣ ಕಳ್ಳ ಬಚ್ಚಿಡುವುದು ಬಿಸಿಯ ಜಾಗದಲ್ಲಿ! ಈ ಊರಿನಲ್ಲಿ ಯಾರೂ ಒಲೆಯ ಹತ್ತಿರ ಹುಡುಕುವುದಿಲ್ಲ.

ಕೂತು ಸೌದೆ ಪಕ್ಕಕ್ಕೆ ಎಳೆದು ಬೂದಿ ಕೆದಕಿದೆ. ಒಂದು ಹಿತ್ತಾಳೆ ಬಟ್ಟಲು, ಅದರೊಳಗೆ ಸರ. ಇಕ್ಕಳದಿಂದ ತೆಗೆದೆ. ಕೆಂಪಿನ ಪದಕ ಹೊಳೆಯಿತು. ಸಿಕ್ಕಿತಲ್ಲಪ್ಪಾ ಎಂಬ ಸಂತೋಷಕ್ಕೆ ನಕ್ಕೇಬಿಟ್ಟೆ. ಬಿಸಿ ತಾಗದ ಸುಟ್ಟ ಎಡ ಅಂಗೈ ಮೇಲೆ ಹಾಕಿಕೊಂಡು ಊದಿದೆ, ಬೂದಿ ಹಾರಿತು. ಆಮೇಲೆ ಬಲ ಹಿಂಗೈಗೆ ತಾಗಿಸಿದೆ. ಬಿಸಿ ಇತ್ತು. ತಾಗಿಸಿಕೊಂಡೇ ಇದ್ದೆ. ಬಿಸಿ ಇಳಿಯಿತು. ಇನ್ನೂ ಇಳಿಯಿತು. ಎರಡು ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನಲ್ಲಿ ಸರ ಬಾವಿಯ ಕಲ್ಲಿನ ಹಾಗೆ ತಣ್ಣಗಾಯಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಸೊಲ್ಲಮ್ಮ ನಿಂತಿದ್ದಳು, ಕಂಕುಳಲ್ಲಿ ಸೌದೆ.

"ಯಾವತ್ತಿಂದ?" ಎಂದೆ.

"ಹುಣ್ಣಿಮೆ ಮಾರ್ನೇ ದಿನ ಬುದ್ಧಿ. ದೇವ್ರ ಮನೆ ಸಾರ್ಸಕ್ ವೋದೆ. ಕರಡಿಗೆ ಒರೆಸ್ವಾಗ ದಿನಾ ಸರಾನೂ ಮುಟ್ತಿದ್ದೆ, ಯಾರ್ಗೂ ಹೇಳ್ತಿರ್ನಿಲ್ಲ. ನಂಗೆಲ್ಲೈತೆ ಆ ಅಧಿಕಾರ?" ಸೌದೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅವತ್ತು ತಣ್ಣಗಿತ್ತು. ದೊಡ್ಡವ್ವಾರು ಎದ್ದು ಬರೋ ಸಪ್ಳ ಕೇಳ್ತು. ಕೈಯೇ ಎತ್ಕೊಂಡ್ಬುಡ್ತು ಬುದ್ಧಿ, ನಾನಲ್ಲ."

"ಒಲೆಯಲ್ಲಿ ಎಷ್ಟು ದಿನ ಇಟ್ಟುಕೊಂಡಿರುತ್ತಿದ್ದೆ ಸೊಲ್ಲವ್ವ?"

"ಗೊತ್ತಿಲ್ಲ. ಬಿಸಿ ಮಾಡಿ ತಿರ್ಗ ಕರಡಿಗೇಲಿ ಇಕ್ಕಾಣಾಂತ ದಿನಾ ಅನ್ಕೊತೀನಿ. ದೇವ್ರ ಮನೆಗೆ ವೋಗಾಷ್ಟ್ರಲ್ಲಿ ಆರೋಗ್ತದೆ." ನನ್ನ ಕೈಯಲ್ಲಿದ್ದ ಸರವನ್ನು ನೋಡಿದಳು. "ಇನ್ನೊಂದ್ಕಿತ ಬೆಂಕೀಲಿ ಮಡ್ಗಿ ಬುದ್ಧಿ. ಬಿಸಿ ಇರ್ವಾಗ್ಲೇ ಓಡೋಗಿ ಅವ್ವಾರ್ ಕೈಗೆ ಕೊಡಿ. ಒಂದ್ಕಿತ ಮುಟ್ಲಿ. ಇವತ್ತವರ್ ಹುಟ್ಟಿದಬ್ಬ."

ಪತ್ತೇದಾರನಾದವನು ಒಪ್ಪಬಾರದಾಗಿತ್ತು. ಒಪ್ಪಿದೆ. ಬಟ್ಟಲನ್ನು ಮತ್ತೆ ಕೆಂಡದಲ್ಲಿಟ್ಟೆ, ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಕಾದ ಮೇಲೆ ಪಂಚೆಯ ಚುಂಗಿನಲ್ಲಿ ಸುತ್ತಿಕೊಂಡು, ಅರವತ್ತೆರಡು ವರ್ಷದ ನಾನು ಆ ಉದ್ದನೆಯ ಪಡಸಾಲೆಯಲ್ಲಿ ಬಿದ್ದೆನೋ ಎದ್ದೆನೋ ಎಂದು ಓಡಿದೆ.

"ಸಿಕ್ಕಿತು ಅಮ್ಮಣ್ಣೀ" ಎಂದು ದೊಡ್ಡಮ್ಮಣ್ಣಿಯ ಅಂಗೈಗೆ ಹಾಕಿದೆ. ಅವರು ಬೆರಳು ಮಡಚಿದರು. ಆ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಬಿಸಿ ಇದೆ" ಎಂದರು. "ತ್ರಿಪುರಾ, ಬಿಸಿ ಇದೆ ಕಣಮ್ಮ!" ನೆರೆದಿದ್ದವರೆಲ್ಲ ಕ್ಷೇಮ, ಕ್ಷೇಮ ಎಂದರು. ಯಾರೋ ಚಪ್ಪಾಳೆ ತಟ್ಟಿದರು.

ತ್ರಿಪುರಾಂಬ ಬಂದು ಅತ್ತೆಯ ಕೈಯಿಂದ ಸರ ತೆಗೆದುಕೊಂಡರು. ಮುಷ್ಟಿಯಲ್ಲಿ ಹಿಡಿದರು, ಕೆನ್ನೆಗೆ ಒತ್ತಿದರು. ಆಮೇಲೆ ನನ್ನನ್ನೇ ನೋಡಿದರು. "ಆಚಾರ್ರೆ, ಇದು ಒಲೆ ಬಿಸಿ" ಎಂದರು, ಬಹಳ ಮೆಲ್ಲಗೆ. "ಅವರದಲ್ಲ."

ನನ್ನ ಸಂತೆಬಾಯಿ ಕಟ್ಟಿಹೋಯಿತು. ಡಾಕ್ಟರ ಹೆಂಡತಿ ಬೆರಳು ಚಾಚಿ ಪದಕ ಮುಟ್ಟಿದವಳು ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು. ಅಷ್ಟರಲ್ಲಿ ಅದು ತಣ್ಣಗಾಗಿತ್ತು.

"ಕದ್ದವರು ಯಾರು?" ದೊಡ್ಡಮ್ಮಣ್ಣಿ ಕೇಳಿದರು. ಅವರಿಗೆ ಕಣ್ಣು ಕಾಣದು, ಆದರೆ ಕಿವಿ ಚುರುಕು. ಸೊಸೆಯ ಮಾತನ್ನು ಕೇಳಿಸಿಕೊಂಡಿದ್ದರು. "ಆಚಾರಿ, ನಿನ್ನನ್ನೇ ಕೇಳಿದ್ದು. ಯಾರು?"

"ನಾನೇ ಕಣವ್ವಾ."

ಸೊಲ್ಲಮ್ಮ ರತ್ನಗಂಬಳಿಯ ಅಂಚಿನಲ್ಲಿ ನಿಂತಿದ್ದಳು. ಅದನ್ನು ಆಳುಗಳು ತುಳಿಯುವ ಹಾಗಿಲ್ಲ. ಸೆರಗಿನ ತುಂಬ ಬೂದಿ. ಅಲ್ಲಿಂದಲೇ, ಸ್ವರ ಎತ್ತದೆ ಹೇಳಿದಳು: "ನಿಮ್ಮ ಮಗ ಇಲ್ಲ ಕಣವ್ವಾ. ಹತ್ತು ದಿನ ಆತು. ಇನ್ನೊಸಿ ದಿನ ಇರ್ಲಿ ಅಂತ ಕದ್ದು ಮಡಿಕ್ಕೊಂಡಿದ್ದೆ."

ಹಾಗೆ ಆ ಮಾತನ್ನು ಬಾಯಿಬಿಟ್ಟು ಹೇಳಿದವಳು ಅವಳೇ. ಇನ್ನು ಮೊದಲ ಅಳು ಹೆತ್ತವಳದು. ಎಲ್ಲರೂ ಕಾದರು. ತ್ರಿಪುರಾಂಬ ತುಟಿ ಕಚ್ಚಿಕೊಂಡು ಕಾದರು, ತುಟಿಯಲ್ಲಿ ರಕ್ತ ಬಂತು. ದೊಡ್ಡಮ್ಮಣ್ಣಿಯ ಬಾಯಿ ತೆರೆಯಿತು, ಅಳು ಬರಲಿಲ್ಲ. ಅವರು ಕೇಳಿದ್ದು ಬೇರೆಯೇ ಮಾತು.

"ಸೊಲ್ಲೀ, ಹತ್ತು ದಿನ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲೇ. ಅಳಲಿಲ್ಲವೇನೇ ನೀನು?"

"ನಾನೆಂಗೆ ಅಳ್ಲವ್ವಾ? ಮೊದ್ಲ ಅಳು ನಿಮ್ದಲ್ವಾ?"

ದೊಡ್ಡಮ್ಮಣ್ಣಿ ಕೋಲು ಊರಿಕೊಂಡು ಎದ್ದರು. ಸೊಸೆ ಹಿಡಿಯಲು ಹೋದರೆ ಬೇಡ ಎಂದರು. ತಡವರಿಸುತ್ತಾ ರತ್ನಗಂಬಳಿಯ ಅಂಚಿನ ತನಕ ನಡೆದು, ಕೈ ಮುಂದೆ ಮಾಡಿ ಹುಡುಕಿದರು. ಸೊಲ್ಲಮ್ಮನ ಬೊಬ್ಬೆಯ ಕೈ ಸಿಕ್ಕಿತು. ಅದನ್ನು ಹಿಡಿದು ಗಂಬಳಿಯ ಮೇಲಕ್ಕೆ ಎಳೆದುಕೊಂಡರು.

"ಹೆತ್ತವಳು ನಾನು, ನಿಜ. ಒಂದು ತೊಟ್ಟು ಹಾಲು ಕೊಡಲಿಲ್ಲ ಅವನಿಗೆ. ನಿನ್ನ ಮಡಿಲಲ್ಲಿ ಬೆಳೆದ ಜೀವ ಅದು. ಮೊದಲ ಅಳು ನಿನ್ನದು ಕಣೇ. ಅಳು."

"ಬ್ಯಾಡ ಕಣವ್ವಾ, ಇಷ್ಟು ಜನ ಅವ್ರೆ..."

"ಅಳು ಸೊಲ್ಲೀ. ನೀನು ಅತ್ತರೆ ನನಗೂ ಬಂದೀತು."

ಅವಳು ಅತ್ತಳು. ಅದನ್ನು ನಾನು ಬರೆಯಲಾರೆ. ಮೂವತ್ತೆಂಟು ವರ್ಷ ಆ ಮನೆಯಲ್ಲಿ ಸ್ವರವನ್ನೇ ಎತ್ತದಿದ್ದ ಹೆಂಗಸು "ನನ್ನ ಕೂಸೇ" ಎಂದು ಕೂಗಿದ ಕೂಗಿಗೆ ಮೇಲುಕೇರಿಯ ಗಂಡಸರು ಮುಖ ತಿರುಗಿಸಿ ಗೋಡೆ ನೋಡಿದರು. ಅವಳ ಹಿಂದೆ ದೊಡ್ಡಮ್ಮಣ್ಣಿ, ಅವರ ಹಿಂದೆ ತ್ರಿಪುರಾಂಬ. ಮೂವರೂ ಆ ಗಂಬಳಿಯ ಮೇಲೆಯೇ ಕೂತುಬಿಟ್ಟರು. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು.

ಮಾರನೆಯ ದಿನವೇ ಹನ್ನೊಂದನೆಯ ದಿನ. ಸರವನ್ನು ನನ್ನ ಕುಲುಮೆಗೆ ತಂದದ್ದು ಸೊಲ್ಲಮ್ಮನೇ, ಸೊಸೆಯ ಜೊತೆಯಲ್ಲಿ. ನಮ್ಮಪ್ಪ ಹೆಣೆದ ಕೊಂಡಿಗಳು ಒಂದೊಂದಾಗಿ ಬಾಗಿ ಮೂಸೆಯಲ್ಲಿ ಇಳಿದವು. ಸೊಲ್ಲಮ್ಮ ಕರಗುವ ತನಕ ನೋಡಿದಳು. ಹೊರಡುವಾಗ ಗೂಡಿನಲ್ಲಿದ್ದ ಬಳೆಯ ಮೇಲೆ ಅವಳ ಕಣ್ಣು ಬಿತ್ತು.

"ಮಗಳ್ದಾ ಬುದ್ಧಿ?"

"ಹೂಂ. ಬಿಸಿ ಇದೆ."

"ವೋಗಿ ಬತ್ತಿರ್ತೀರಾ?"

"ಇಲ್ಲ" ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಕಳಿಸುತ್ತಿದ್ದೆ. ಕೇಳದೆ ಹೋದಳಲ್ಲ, ಅದೇ ಚುಚ್ಚಿತು. ಪಾರ್ವತವ್ವ ಹೋದ ದಿನ ನಾನು ಮಗಳಿಗೆ ಹೇಳಿಕಳಿಸಲಿಲ್ಲ. ಅವಳ ಹತ್ತಿರ ಅಮ್ಮನ ಓಲೆ ಇದೆ, ತಣ್ಣಗಾಗಿರುತ್ತದೆ, ತಾನೇ ಗೊತ್ತಾಗಿರುತ್ತದೆ ಬಿಡು ಎಂದುಕೊಂಡೆ. ಹೇಳದೆ ಸಾವಿನ ಮನೆಗೆ ಬರುವ ಹಾಗಿಲ್ಲ, ಹೇಳದೆ ಅಳುವ ಹಾಗೂ ಇಲ್ಲ. ಮಗಳು ಅಳದೆ ಗಂಡ ಅಳುವ ಹಾಗಿಲ್ಲ. ನಾಲ್ಕು ವರ್ಷದಿಂದ ಆ ಅಳು ನನ್ನ ಗಂಟಲಲ್ಲೇ ಕೂತಿತ್ತು. ಊರಿನ ಕಳ್ಳರನ್ನೆಲ್ಲ ಹಿಡಿದವನು ನಾನು. ಮಗಳ ಪಾಲಿನದನ್ನು ಕದ್ದು ಮನೆಯಲ್ಲಿಟ್ಟುಕೊಂಡಿದ್ದವನೂ ನಾನೇ.

ಮಗಳ ಊರಿಗೆ ಹೊರಟೆ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ ಅಷ್ಟೆ. ವಿಳಾಸ ಹುಡುಕುವುದೂ ಕಷ್ಟವಾಗಲಿಲ್ಲ, ಹೊಲಿಗೆ ಮಿಷನ್ನಿನ ಸದ್ದು ಬೀದಿಗೆ ಕೇಳುತ್ತಿತ್ತು. ಬಾಗಿಲು ತೆಗೆದವಳ ಕಿವಿಯ ಹತ್ತಿರ ಕೂದಲು ನರೆತಿತ್ತು. ಕಿವಿಯಲ್ಲಿ ಪಾರ್ವತವ್ವನ ಓಲೆಗಳಿದ್ದವು. ಕರಗಿಸಲು ಯಾರಿಗೂ ಕೊಟ್ಟಿರಲಿಲ್ಲ.

"ಅಪ್ಪಾ?" ಎಂದಳು. "ಯಾಕಪ್ಪಾ, ಏನಾಯ್ತು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಹೊಸಿಲ ಹೊರಗೇ ನಿಂತು ಹೇಳಿದೆ.

"ಕಮಲೂ, ನಿಮ್ಮಮ್ಮ ತೀರಿಕೊಂಡಳು ಕಣೇ."

ಅವಳು ಎರಡೂ ಓಲೆಗಳನ್ನು ಕೈಯಿಂದ ಮುಚ್ಚಿಕೊಂಡಳು. ಒಳಗೆ ಮಿಷನ್ನು ನಿಂತಿತು. ನಾನು ಕಾದೆ, ಮೊದಲು ಅವಳು ಅಳಲಿ ಎಂದು.